ಮರ್ಗಾರೋಳ ಈಜುಕೊಳದಲ್ಲಿ ಸಂತನ ಊಟ

ನೆಲ ನಡುಗಲು ಶುರುವಾದ ಒಂಬತ್ತನೆಯ ದಿನ ಮರ್ಗಾರೋ ಊರು ಬಿಟ್ಟಳು. ಬಂದರಿಗೆ ಹೋಗುವ ದಾರಿಯಲ್ಲಿ ಟ್ಯಾಕ್ಸಿಯನ್ನು ನಮ್ಮ ಮನೆಯ ಮುಂದೆ ನಿಲ್ಲಿಸಿ, ಕಿಟಕಿಯ ಗಾಜು ಇಳಿಸಿ, ನನ್ನ ಕಡೆ ಕಣ್ಣೆತ್ತಿಯೂ ನೋಡದೆ ನಮ್ಮನೆಯವರ ಕೈಗೆ ಒಂದು ಬೀಗದಕೈ ಕೊಟ್ಟಳು.

"ಸ್ಟಾಮಾತಿಸಣ್ಣ, ಹೋಟೆಲಿನ ಗೇಟಿಂದು, ಇಟ್ಕೋ. ಬೆಕ್ಕುಗಳಿಗೆ ಊಟ ಹಾಕು. ಗೋಡೆ ಬಿರುಕು ಬಿಟ್ರೆ ಫೋಟೋ ತೆಗೆದು ಕಳ್ಸು. ಆಮೇಲೆ ನಿನ್ನ ಹೆಂಡ್ತಿಗೆ ಹೇಳು, ಹತ್ತನೇ ತಾರೀಕು ಸೂರ್ಯ ಮುಳುಗೋ ಹೊತ್ತಿಗೆ ಚರ್ಚಿನ ಕೀಲಿ ಒರೆಸಿ ಇಟ್ಟಿರ್ಲಿ ಅಂತ."

ನಾನು ಪೊರಕೆ ಹಿಡಿದು ಎರಡು ಮಾರು ದೂರದಲ್ಲೇ ನಿಂತಿದ್ದೆ.

"ರೀ, ಅವಳಿಗೆ ಹೇಳಿ, ಆ ಕೀಲಿ ನನ್ನ ಸೊಂಟ ಬಿಟ್ಟು ಹೋಗೋದಾದ್ರೆ ನನ್ನ ಹೆಣದ ಜೊತೇಲೇ ಅಂತ."

ನಮ್ಮನೆಯವರು ಅವಳ ಕಡೆ ತಿರುಗಿ "ಕೇಳಿಸ್ತಲ್ಲಾ?" ಎಂದರು. ಹತ್ತೊಂಬತ್ತು ವರ್ಷಗಳಿಂದ ನನ್ನ ಮತ್ತು ಮರ್ಗಾರೋಳ ಮಾತುಕತೆ ನಡೆಯುತ್ತಿದ್ದದ್ದು ಹೀಗೆಯೇ, ಮಧ್ಯದಲ್ಲಿ ಈ ಮನುಷ್ಯನನ್ನು ನಿಲ್ಲಿಸಿಕೊಂಡು.

ನನ್ನ ಅಜ್ಜ, ಅವಳ ಅಜ್ಜ ಒಡಹುಟ್ಟಿದವರು. ಎರಡೂ ಮನೆಯ ಗಡಿಯ ಮೇಲೆ ಸಂತ ಹರಾಲಂಬೋಸನ ಚರ್ಚಿದೆ. ಹತ್ತು ಜನ ಒಳಗೆ ಹೋದರೆ ಹನ್ನೊಂದನೆಯವನು ಹೊರಗೆ ನಿಲ್ಲಬೇಕು, ಅಷ್ಟು ಪುಟ್ಟದು. ಅದು ಯಾರದೆಂದು ಅಣ್ಣತಮ್ಮ ಕಚ್ಚಾಡುವುದನ್ನು ನೋಡಲಾರದೆ ಮುತ್ತಜ್ಜ ಒಂದು ಕಾಗದ ಬರೆದಿಟ್ಟು ಸತ್ತ. ದೊಡ್ಡ ಕೊಪ್ಪರಿಗೆಯಲ್ಲಿ, ಹಿಡಿಯ ಬುಡದ ಮೊಳೆ ಮುಳುಗುವಷ್ಟು ಫಾವಾ ಬೇಯಿಸಿ, ಸಂತನ ಹಬ್ಬಕ್ಕೆ ಬಂದವರಿಗೆಲ್ಲ ಬಡಿಸಿ, ಸೂರ್ಯ ಮುಳುಗುವುದರೊಳಗೆ ಕೊಪ್ಪರಿಗೆಯ ತಳ ಕಾಣಿಸಿದ ಮನೆಯವರ ಬಳಿ ಕೀಲಿ ಇರತಕ್ಕದ್ದು. ಬಡಿಸುವ ಮನೆಯವರು ಒಂದು ತುತ್ತನ್ನೂ ತಿನ್ನತಕ್ಕದ್ದಲ್ಲ. ಉಳಿದರೆ, ಕೊಪ್ಪರಿಗೆಯಿಂದ ಚೆಲ್ಲಿದರೆ, ಕೀಲಿ ಇನ್ನೊಂದು ಮನೆಗೆ. ಫಾವಾ ಅಂದರೆ ನಮ್ಮ ಜ್ವಾಲಾಮುಖಿ ದ್ವೀಪದ ಬೂದಿಮಣ್ಣಿನಲ್ಲಿ ಬೆಳೆಯುವ ಹಳದಿ ಬೇಳೆ. ಈರುಳ್ಳಿ ಹಾಕಿ, ಕರಗುವ ತನಕ ಬೇಯಿಸಿ, ದೋಣಿಯ ಹುಟ್ಟಿನಿಂದ ತೊಳಸಿ ತೊಳಸಿ ಬೆಣ್ಣೆಯ ಹದಕ್ಕೆ ತಂದು, ಮೇಲೆ ಆಲಿವ್ ಎಣ್ಣೆ ಸುರಿದು ಬಡಿಸಬೇಕು. ಒಂದು ಗಂಟೂ ಇರಬಾರದು.

ಆ ಗಂಟೇ ನಮ್ಮ ಜಗಳದ ಮೂಲ. ಹತ್ತೊಂಬತ್ತು ವರ್ಷದ ಹಿಂದೆ, ನೂರೈವತ್ತು ಜನ ಕೂತು ಉಣ್ಣುತ್ತಿರುವಾಗ, ಮರ್ಗಾರೋ ಚಮಚ ಮೇಲೆತ್ತಿ "ಈ ಸಲ ಗಂಟು ಗಂಟಾಗಿದೆ" ಎಂದಳು. ಮೆಲ್ಲಗೆ ಅಂದಿದ್ದರೂ ನುಂಗಿಕೊಳ್ಳುತ್ತಿದ್ದೆನೇನೋ. ಮೀನುಗಾರರ ಮೇಜಿನ ತುದಿಯವರೆಗೂ ಕೇಳುವಂತೆ ಅಂದಳು. ನಾನು ಅವಳ ತಟ್ಟೆಯನ್ನು ಕಿತ್ತುಕೊಂಡೆ. ಅವತ್ತಿನಿಂದ ಅವಳು ಸಂತನ ಊಟಕ್ಕೆ ಬಂದವಳಲ್ಲ. ಸಂಜೆ ಹೊತ್ತಿಗೆ ಬಂದು, ಕೊಪ್ಪರಿಗೆಯ ತಳ ನೋಡಿ, ಮೂಗು ಮುರಿದು ಹೋಗುತ್ತಿದ್ದಳು, ಅಷ್ಟೇ.

ಅವಳಿಗೇನು ಕಡಿಮೆ? ಮಗನಿದ್ದಾನೆ, ಹೋಟೆಲಿದೆ, ಸೂರ್ಯಾಸ್ತ ಕಾಣುವ ಈಜುಕೊಳವಿದೆ. ಕೀಲಿಯೂ ಸಿಕ್ಕಿದರೆ ಚರ್ಚಿಗೆ ಬಿಳಿ ಪರದೆ ಕಟ್ಟಿ, ಬಾಗಿಲಲ್ಲಿ ಉಯ್ಯಾಲೆ ತೂಗುಹಾಕಿ, ಪರದೇಶದ ಮದುಮಕ್ಕಳ ಫೋಟೋಗೆ ಬಾಡಿಗೆಗೆ ಕೊಡುವ ಯೋಚನೆ. ಬಣ್ಣದ ಕರಪತ್ರವನ್ನೂ ಮಾಡಿಸಿದ್ದಾಳೆ, ನಾನೇ ಕಣ್ಣಾರೆ ನೋಡಿದ್ದೇನೆ. ನನಗೆ ಮಕ್ಕಳಿಲ್ಲ. ಅಮ್ಮ ಸಾಯುವಾಗ ನನ್ನ ಕೈಗಿಟ್ಟದ್ದು ಅಂಗೈಯಷ್ಟುದ್ದದ ಈ ಕಬ್ಬಿಣದ ಕೀಲಿಯೊಂದೇ. ಶನಿವಾರ ಸಂಜೆ ಹೋಗಿ ಬಾಗಿಲು ತೆರೆದು, ದೀಪ ಹಚ್ಚಿ, ಸಂತನಿಗೆ ವಾರದ ದೂರುಗಳನ್ನೆಲ್ಲ ಒಪ್ಪಿಸಿ ಬರುತ್ತೇನೆ. ಅದೂ ಹೋದರೆ ನಾನು ಬರೀ ಒಬ್ಬ ಸಿಡುಕು ಮುದುಕಿ.

ಇನ್ನು ಈ ನಡುಕದ ವಿಷಯ. ಐದು ನಿಮಿಷಕ್ಕೊಮ್ಮೆ, ಹತ್ತು ನಿಮಿಷಕ್ಕೊಮ್ಮೆ, ಕೆಲವೊಮ್ಮೆ ಬೆನ್ನುಬೆನ್ನಿಗೆ ಮೂರು. ಟಿ.ವಿ.ಯಲ್ಲಿ ಮೂವರು ಪ್ರೊಫೆಸರುಗಳು ಕೂತಿದ್ದರು. ಒಬ್ಬ ಇದು ಮುಗಿಯಿತು ಎಂದ, ಒಬ್ಬ ಇದು ಶುರು ಎಂದ, ಮೂರನೆಯವನು ಇಬ್ಬರೂ ಸರಿ ಎಂದ. ಹಡಗು ಹಡಗು ತುಂಬಿಕೊಂಡು ಜನ ಆಚೆ ದಡದ ಪಿರೇಯಸ್ ಬಂದರಿಗೆ ಹೋದರು. ನಮ್ಮ ಊರಿನಲ್ಲಿ ಉಳಿದವರು ಹನ್ನೊಂದು ಮಂದಿ. ಶಾಲೆ ಮುಚ್ಚಿತು, ಬೇಕರಿ ಮುಚ್ಚಿತು. ಈಜುಕೊಳಗಳ ನೀರು ಖಾಲಿ ಮಾಡಿ ಎಂದು ಆಜ್ಞೆ ಬಂತು, ನೀರು ಅತ್ತಿತ್ತ ಓಲಾಡಿದರೆ ಕಟ್ಟಡಕ್ಕೆ ಕೇಡಂತೆ.

ಇಷ್ಟರಲ್ಲಿ ಸಂತೋಷವಾಗಿದ್ದವರು ಒಬ್ಬರೇ, ನಮ್ಮನೆಯವರು. ನಲವತ್ತು ವರ್ಷ ಕತ್ತೆಗಳ ಮೇಲೆ ಪ್ರವಾಸಿಗರನ್ನು ಹತ್ತಿಸಿದ ಈ ಮನುಷ್ಯನೊಳಗೆ ಒಬ್ಬ ವಿಜ್ಞಾನಿ ಅಡಗಿದ್ದಾನೆಂದು ಯಾರಿಗೆ ಗೊತ್ತಿತ್ತು? ಪ್ರತಿ ಸಲ ನಡುಗಿದಾಗಲೂ ಕಣ್ಣು ಮುಚ್ಚಿ, ತೊಡೆಯ ಮೇಲೆ ಕೈಯಿಟ್ಟು, "ಮೂರು ಪಾಯಿಂಟ್ ಎಂಟು" ಎನ್ನುತ್ತಿದ್ದರು. ಆಮೇಲೆ ಫೋನು ನೋಡಿದರೆ ಮೂರು ಪಾಯಿಂಟ್ ಎಂಟೇ ಇರುತ್ತಿತ್ತು.

"ಹೇಗ್ರೀ ಗೊತ್ತಾಗತ್ತೆ?"

"ಲೇ ಅನೆಜಿನಾ, ನಲವತ್ತು ವರ್ಷ ಕತ್ತೆ ಮೇಲೆ ಕೂತಿದೀನಿ. ನನ್ನ ಕುಂಡೆಗೆ ಗೊತ್ತಾಗದೆ ಇರೋದು ಯಾವುದಿದೆ?"

ಸಂತನ ಹಬ್ಬದ ದಿನ, ಹತ್ತನೆಯ ತಾರೀಕು, ಬೆಳಿಗ್ಗೆ ನಾನು ಅಂಗಳದಲ್ಲಿ ಒಲೆ ಹೂಡಿದೆ. ಪಾದ್ರಿ ಗವ್ರಿಲಿಸ್ ಬಂದು ಕೊಪ್ಪರಿಗೆಯೊಳಗೆ ಇಣುಕಿ ಶಿಲುಬೆಯ ಗುರುತು ಮಾಡಿಕೊಂಡರು.

"ಇಷ್ಟೊಂದಾ? ಅಮ್ಮಾ, ಊರಲ್ಲಿರೋದು ಹನ್ನೊಂದು ಜನ."

"ಮೊಳೆ ಮುಳುಗ್ಬೇಕು ಪಾದ್ರಿಗಳೇ. ಕಾಗದದಲ್ಲಿ ಹಾಗೇ ಇದೆ."

"ಸಂತ ಅರ್ಥ ಮಾಡ್ಕೋತಾನೆ."

"ಸಂತ ಮಾಡ್ಕೋತಾನೆ. ಮರ್ಗಾರೋ ಮಾಡ್ಕೊಳ್ಳಲ್ಲ."

ಉಣ್ಣುವವರನ್ನು ನಾನು ಆಗಲೇ ಯೋಚಿಸಿಟ್ಟಿದ್ದೆ. ದ್ವೀಪವನ್ನು ಕಾಯಲು ಸರ್ಕಾರ ಒಂದು ರಕ್ಷಣಾ ದಳವನ್ನು ಕಳಿಸಿತ್ತು. ಇಪ್ಪತ್ತಾರು ಗಟ್ಟಿಮುಟ್ಟಾದ ಗಂಡಸರು, ಕೆಂಪು ಟೋಪಿ, ಒಂದು ನಾಯಿ. ಒಂದು ಮನೆಯೂ ಬಿದ್ದಿರಲಿಲ್ಲವಾದ್ದರಿಂದ ವಾರದಿಂದ ಕೈಕಟ್ಟಿಕೊಂಡು ಕೂತಿದ್ದರು, ಪಾಪ. ಟಿ.ವಿ.ಯವರು ಆರು ಜನ. ಒಬ್ಬೊಬ್ಬರು ಮೂರು ಮೂರು ತಟ್ಟೆ ಉಂಡರೆ ತಳ ಕಂಡೇ ಕಾಣುತ್ತದೆ.

ಆದರೆ ದಳದ ನಾಯಕ ಅರಿಸ್ತಿದಿಸ್ ಬಂದವನೇ ಚರ್ಚಿನ ಗೋಡೆಯನ್ನೂ ಗಂಟೆಗೋಪುರವನ್ನೂ ನೋಡಿ ತಲೆ ಅಲ್ಲಾಡಿಸಿದ.

"ಅಮ್ಮಾ, ಇಲ್ಲಿ ಗುಂಪು ಸೇರೋ ಹಾಗಿಲ್ಲ. ಮೇಲೆ ಸೂರು ಇರಬಾರದು, ಪಕ್ಕದಲ್ಲಿ ಗೋಡೆ ಇರಬಾರದು."

ಪೂಜೆಯನ್ನು ಪಾದ್ರಿಗಳು ಬಾಗಿಲಲ್ಲೇ ನಿಂತು ಅರ್ಧಕ್ಕರ್ಧ ಮೊಟಕುಮಾಡಿ ಮುಗಿಸಿದರು. ಗಂಟೆ ಬಾರಿಸುವ ಕೆಲಸವೂ ಇರಲಿಲ್ಲ. ನೆಲ ನಡುಗಿದಾಗಲೆಲ್ಲ ಅದೇ ಬಾರಿಸಿಕೊಳ್ಳುತ್ತಿತ್ತು. ಆಮೇಲೆ ನಾವು ದ್ರಾಕ್ಷಿತೋಟದ ಬಯಲಿನಲ್ಲಿ ಮೇಜು ಹಾಕಿದೆವು. ಫೆಬ್ರವರಿಯ ಬಡಗಣ ಗಾಳಿ. ನಾನು ಬಡಿಸಿದ ಮೊದಲ ತಟ್ಟೆ ಸಮುದ್ರದ ಕಡೆ ಹಾರಿಹೋಯಿತು. ಎರಡನೆಯದು ಪಾದ್ರಿಗಳ ಗಡ್ಡದಲ್ಲಿ ಉಳಿಯಿತು. ಸೂರಿಲ್ಲದ ಕಡೆ ಗಾಳಿ, ಗಾಳಿಯಿಲ್ಲದ ಕಡೆ ಸೂರು. ಕೊಪ್ಪರಿಗೆಯ ಪಕ್ಕದಲ್ಲಿ ಕುಕ್ಕರಿಸಿ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಈರುಳ್ಳಿಯದೆಂದು ಹೇಳಿದೆ.

ಆಗ ನಮ್ಮನೆಯವರು, ಬೆಕ್ಕುಗಳಿಗೆ ಊಟ ಹಾಕಲು ಹೋದವರು, ಏದುಸಿರು ಬಿಡುತ್ತಾ ಬಂದರು.

"ಲೇ! ಸಿಕ್ತು ಜಾಗ! ಸೂರಿಲ್ಲ, ಗಾಳೀನೂ ಇಲ್ಲ. ಬೆಕ್ಕುಗಳೆಲ್ಲ ಅಲ್ಲೇ ಬಿಸಿಲು ಕಾಯಿಸ್ತಾ ಬಿದ್ದಿವೆ."

"ಎಲ್ಲಿ?"

ಅವರು ನನ್ನ ಕೈಲಿದ್ದ ಹುಟ್ಟನ್ನು ಮೊದಲು ತೆಗೆದುಕೊಂಡು ದೂರ ಇಟ್ಟರು. ಆಮೇಲೆ ಹೇಳಿದರು: "ಮರ್ಗಾರೋಳ ಈಜುಕೊಳ."

ನಾಯಕ ಅರಿಸ್ತಿದಿಸ್ ಟೇಪು ಹಿಡಿದು ಅಳೆದ. ಹೋಟೆಲು ದೂರ, ಗೋಡೆ ದೂರ, ಗುಂಡಿಯೊಳಗೆ ಗಾಳಿ ಇಲ್ಲ. ದ್ವೀಪದಲ್ಲಿ ಇದಕ್ಕಿಂತ ಒಳ್ಳೆಯ ಊಟದ ಮನೆ ತಾನು ಕಂಡಿಲ್ಲ ಎಂದ. ಶತ್ರುವಿನ ಈಜುಕೊಳದಲ್ಲಿ ಸಂತನ ಹಬ್ಬ! ಮುತ್ತಜ್ಜ ಇದಕ್ಕೂ ಒಂದು 'ತಕ್ಕದ್ದಲ್ಲ' ಬರೆದಿಟ್ಟಿದ್ದಾನೋ ಎಂದು ಕಾಗದ ತೆಗೆದು ನೋಡಿದೆ. ಇರಲಿಲ್ಲ.

ಕೊಪ್ಪರಿಗೆ ಇಳಿಸಿದ್ದು ರಕ್ಷಣಾ ದಳ. ವಾರದ ಮೇಲೆ ಅವರಿಗೆ ಕೈತುಂಬ ಕೆಲಸ ಸಿಕ್ಕಿತ್ತು. ಹಗ್ಗ, ಪಟ್ಟಿ, ರಾಟೆ ಎಲ್ಲ ಬಂತು.

"ನಿಧಾನ! ತಲೆ ಕಡೆ ಹಿಡಿರಿ! ಇವರನ್ನ ಅಲುಗಾಡಿಸಬಾರದು!" ಎಂದು ನಾಯಕ ಕೂಗುತ್ತಿದ್ದ. ಕೊಪ್ಪರಿಗೆಗೆ ಕಂಬಳಿ ಹೊದಿಸಿದ್ದರು. ಒಬ್ಬ ಪಕ್ಕದಲ್ಲಿ ನಡೆಯುತ್ತಾ "ಏನೂ ಆಗಲ್ಲ, ನಾವಿದೀವಿ" ಎಂದು ಅದಕ್ಕೆ ಧೈರ್ಯ ಹೇಳುತ್ತಿದ್ದ.

ಈಜುಕೊಳದ ಅಂಚಿನಲ್ಲಿ ಐದು ಭಾಷೆಯಲ್ಲಿ ಬರೆದ ಫಲಕವಿತ್ತು. ಸ್ನಾನ ಮಾಡದೆ ಇಳಿಯಬಾರದು, ಆಹಾರ ತರಬಾರದು, ಕೂಗಾಡಬಾರದು. ನಾವು ಏಣಿ ಹಿಡಿದು ಇಳಿದು, ನೀಲಿ ಹೆಂಚಿನ ಮೇಲೆ ಚಾಪೆ ಹಾಸಿ, ತಿಂದು, ಕೂಗಾಡಿದೆವು. ಹಡಗಿನ ಹಳೇ ಅಡುಗೆಯವನೊಬ್ಬ ಹಾಡು ಹೇಳಿದ. ನಡುಗಿದಾಗ ಎಲ್ಲರೂ ಬಡಿಸಿದ ತಟ್ಟೆಯನ್ನೂ ವೈನಿನ ಲೋಟವನ್ನೂ ಮೇಲೆತ್ತಿ ಹಿಡಿಯುವುದು, ನಿಂತಮೇಲೆ ಇಳಿಸಿ ಮುಂದುವರಿಸುವುದು. "ನಾಲ್ಕು ಪಾಯಿಂಟ್ ಒಂದು" ಎನ್ನುತ್ತಿದ್ದರು ನಮ್ಮನೆಯವರು. ಟಿ.ವಿ.ಯ ಹುಡುಗಿ ಬಾಯಲ್ಲಿ ಫಾವಾ ಇಟ್ಟುಕೊಂಡೇ ದೇಶಕ್ಕೆಲ್ಲ ವರದಿ ಕೊಟ್ಟಳು.

ಒಂದು ವಿಷಯ ಮಾತ್ರ ನನ್ನನ್ನು ಚುಚ್ಚುತ್ತಿತ್ತು. ಸಂತನ ತಟ್ಟೆ ಉಂಡು ಎದ್ದವರು ಬಡಿಸಿದವಳಿಗೆ "ಮುಂದಿನ ವರ್ಷವೂ" ಅನ್ನಬೇಕು. ನಮ್ಮಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ಮಾತು ಅದು. ಅವತ್ತು ಯಾರೂ ಅನ್ನಲಿಲ್ಲ. "ನಿನ್ನ ಕೈಗೆ ಆರೋಗ್ಯ" ಎಂದರು, "ಧೈರ್ಯವಾಗಿರಿ" ಎಂದರು. ಪಾದ್ರಿಗಳು ಬಾಯಿ ತೆರೆದರು, ಸಮುದ್ರದ ಕಡೆ ನೋಡಿದರು, ಕೆಮ್ಮಿ ಸುಮ್ಮನಾದರು. ಮುಂದಿನ ವರ್ಷ ಈ ದ್ವೀಪ ಇರುತ್ತದೋ, ಇದ್ದರೂ ಜನ ವಾಪಸು ಬರುತ್ತಾರೋ ಎಂಬುದು ಎಲ್ಲರ ಹೊಟ್ಟೆಯಲ್ಲೂ ಇತ್ತು, ಫಾವಾದ ಕೆಳಗೆ. ನನಗೆ ಭಯವಾಯಿತು. ಭಯವಾದಾಗ ನಾನು ಬೈಯುತ್ತೇನೆ, ಆದ್ದರಿಂದ ಎಲ್ಲರಿಗೂ ಬೈದು ಬೈದು ಇನ್ನೊಂದು ಸೌಟು ಹಾಕಿದೆ.

ನಾಲ್ಕು ಗಂಟೆಯ ಹೊತ್ತಿಗೆ ಈಜುಕೊಳದ ಅಂಚಿನಲ್ಲಿ ಒಂದು ಪೆಟ್ಟಿಗೆ ಕಾಣಿಸಿತು. ಪೆಟ್ಟಿಗೆಯ ಹಿಂದೆ ಎರಡು ಕಾಲು. ಕಾಲಿನ ಮೇಲೆ ಮರ್ಗಾರೋ.

"ಸ್ಟಾಮಾತಿಸಣ್ಣ," ಎಂದಳು, "ಎಂಟು ಗಂಟೆ ಕಾಲ ಹಡಗಲ್ಲಿ ಕೂತು ಬಂದೆ. ಊಟದ ಕೋಣೇಲಿ ಟಿ.ವಿ. ಹಾಕಿದ್ರು. ಏನ್ ತೋರಿಸ್ತಿದ್ರು ಗೊತ್ತಾ? ನನ್ನ ಈಜುಕೊಳ. ಮಧ್ಯದಲ್ಲಿ ನಿನ್ನ ಹೆಂಡ್ತಿ."

"ಚೆನ್ನಾಗಿ ಕಾಣ್ತಿದ್ಲಾ?" ಎಂದರು ನಮ್ಮನೆಯವರು.

ಓಡಿಸುತ್ತಾಳೆ ಅಂದುಕೊಂಡೆ. ಅವಳು ಅಷ್ಟು ದಡ್ಡಿಯಲ್ಲ. ಓಡಿಸಿದರೆ, ಅಡ್ಡಿ ಮಾಡಿದಳೆಂದು ನಾನು ಪಂಚಾಯ್ತಿ ಸೇರಿಸುತ್ತೇನೆಂದು ಅವಳಿಗೆ ಗೊತ್ತು. ಕೊಪ್ಪರಿಗೆಯಲ್ಲಿ ಇನ್ನೂ ಕಾಲುಭಾಗವಿತ್ತು, ಎಲ್ಲರ ಹೊಟ್ಟೆ ಬಿರಿಯುತ್ತಿತ್ತು. ಅವಳು ಬಿಸಿಲು ಕಾಯುವ ಮಂಚವನ್ನು ಅಂಚಿಗೆ ಎಳೆದುಕೊಂಡು, ಕೋಟಿನ ಗುಂಡಿ ಹಾಕಿಕೊಂಡು, ಗಡಿಯಾರ ನೋಡುತ್ತಾ ಕೂತಳು.

"ತಿನ್ನಲಿ. ನನಗೇನು ಅವಸರ? ಸೂರ್ಯನಿಗೆ ಅವಸರ."

ಆಮೇಲಿನದು ಊಟವಲ್ಲ, ಯುದ್ಧ. ರಕ್ಷಣಾ ದಳದವರು ನೆಲದ ಮೇಲೆ ಮಲಗಿಕೊಂಡು ಬಾಯಿ ತೆರೆದರು, ನಾನು ಸುರಿದೆ. ಪಾದ್ರಿಗಳು ನಿಲುವಂಗಿಯ ಗುಂಡಿ ಬಿಚ್ಚಿದರು. ನಾಯಕ ಅರಿಸ್ತಿದಿಸ್ "ಅಮ್ಮಾ, ನನ್ನನ್ನ ಇಲ್ಲಿಂದ ಯಾರು ರಕ್ಷಣೆ ಮಾಡ್ತಾರೆ?" ಎಂದು ಕೇಳಿದ. ನಾಯಿ ಕೊಪ್ಪರಿಗೆಯನ್ನು ಒಮ್ಮೆ ನೋಡಿ ಮುಖ ತಿರುಗಿಸಿತು. ಸೂರ್ಯ ನೀರಿನಿಂದ ಒಂದು ಗೇಣು ಮೇಲಿರುವಾಗ ಮೂರು ತಟ್ಟೆಯಷ್ಟು ಉಳಿದಿತ್ತು, ಅದನ್ನು ಮುಟ್ಟುವ ಪ್ರಾಣಿ ದ್ವೀಪದಲ್ಲಿ ಇರಲಿಲ್ಲ.

ನಾನು ಸೊಂಟದ ಕೀಲಿಯನ್ನು ಹಿಡಿದುಕೊಂಡೆ. ತಣ್ಣಗಿತ್ತು.

"ತಳ ನೋಡೋಣ," ಎಂದು ಮರ್ಗಾರೋ ಏಣಿ ಇಳಿಯತೊಡಗಿದಳು. ಅದು ಆಳದ ಕಡೆಯ ಏಣಿ. ಕೊಪ್ಪರಿಗೆ ಇದ್ದದ್ದು ಮೇಲಿನ ಕಡೆ, ಇಳಿಜಾರಿನ ತಲೆಯಲ್ಲಿ. ಹೆಂಚಿನ ಮೇಲೆ ದಿನವೆಲ್ಲ ಚೆಲ್ಲಿದ ಆಲಿವ್ ಎಣ್ಣೆ. ಅವಳ ಕಾಲು ನೆಲ ಮುಟ್ಟಿದ್ದೇ ತಡ, ಭೂಮಿ ಎದ್ದು ಕುಣಿಯಿತು.

ಅದು ದೊಡ್ಡದು. ತಟ್ಟೆ ಎತ್ತಿ ಹಿಡಿಯಲು ಯಾರಿಗೂ ಪುರುಸೊತ್ತಾಗಲಿಲ್ಲ. ಚರ್ಚಿನ ಗಂಟೆ ಹುಚ್ಚು ಹಿಡಿದಂತೆ ಬಾರಿಸಿಕೊಂಡಿತು. ನಾನು ಕುಂಡೆ ಊರಿ ಬಿದ್ದೆ, ಪಾದ್ರಿಗಳು ನನ್ನ ಮೇಲೆ ಬಿದ್ದರು. ಅವರ ತೋಳಿನ ಕೆಳಗಿನಿಂದ ನೋಡುತ್ತೇನೆ, ಕೊಪ್ಪರಿಗೆ ಎಣ್ಣೆಯ ಮೇಲೆ ಜಾರುತ್ತಾ, ತಿರುಗುತ್ತಾ, ವೇಗ ಹಿಡಿಯುತ್ತಾ ಆಳದ ಗೋಡೆಯ ಕಡೆ ಹೊರಟಿದೆ. ನೇರ ಮರ್ಗಾರೋಳತ್ತ.

ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಸಾಕಿತ್ತು. ಕೊಪ್ಪರಿಗೆ ಗೋಡೆಗೆ ಬಡಿದು ಮಗುಚಿಕೊಳ್ಳುತ್ತಿತ್ತು. ಚೆಲ್ಲಿದರೆ ಕೀಲಿ ಅವಳದು, ಕಾಗದದಲ್ಲಿ ಸ್ಪಷ್ಟವಾಗಿದೆ. ಅವಳು ಸರಿಯಲಿಲ್ಲ. ಎರಡೂ ತೋಳು ಚಾಚಿ, "ಸಂತನೇ!" ಎಂದು ಕಿರುಚಿ, ಕೊಪ್ಪರಿಗೆಯನ್ನು ತಬ್ಬಿಕೊಂಡಳು. ಇಬ್ಬರೂ ಗೋಡೆಯ ಬುಡದಲ್ಲಿ ಧೊಪ್ಪೆಂದು ಕೂತರು. ಅವಳ ಮಡಿಲಲ್ಲಿ ಕೊಪ್ಪರಿಗೆ, ಅವಳ ಮೊಣಕೈವರೆಗೆ ಫಾವಾ.

ನಡುಕ ನಿಂತಿತು. "ಐದು ಪಾಯಿಂಟ್ ಎರಡು," ಎಂದರು ನಮ್ಮನೆಯವರು ಎಲ್ಲಿಂದಲೋ.

ನಾನು ಎದ್ದು, ಜಾರಿ, ಮತ್ತೆ ಎದ್ದು ಅವಳ ಬಳಿಗೆ ಓಡಿದೆ. ಅವಳು ಬಿಳಿಚಿಕೊಂಡಿದ್ದಳು. ಬೆರಳನ್ನು ಬಾಯಿಗಿಟ್ಟು ಚೀಪಿದಳು. ಹುಬ್ಬು ಗಂಟಿಕ್ಕಿತು.

"ಗಂಟು," ಎಂದಳು.

"ಎಲ್ಲಿ ಗಂಟು?" ನನ್ನ ಬಾಯಿಂದ ಬಂದೇಬಿಟ್ಟಿತು, ನೇರವಾಗಿ ಅವಳಿಗೇ. "ಬೆಳಗಿನ ಜಾವದಿಂದ ತೊಳಸಿದೀನಿ ಕಣೇ, ತೋಳು ಬಿದ್ದುಹೋಗಿದೆ. ತೋರ್ಸು ಎಲ್ಲಿ!"

"ಚಮಚ ಕೊಡು. ಬೆರಳಲ್ಲಿ ಗೊತ್ತಾಗಲ್ಲ."

ಕೊಟ್ಟೆ. ಒಂದು ಚಮಚ ಬಾಯಿಗಿಟ್ಟು ನಾಲಿಗೆ ಹೊರಳಿಸಿದಳು. "ಇಲ್ಲೇ ಎಲ್ಲೋ ಇತ್ತು." ಇನ್ನೊಂದು ಚಮಚ. "ಉಪ್ಪೂ ಕಮ್ಮಿ."

"ಉಪ್ಪು ಸರಿಯಾಗಿದೆ! ಹಡಗಲ್ಲಿ ಏನ್ ತಿಂದೆ ಹೇಳು ಮೊದ್ಲು."

"ಒಂದು ಒಣಕಲು ರೊಟ್ಟಿ. ಸುಮ್ನಿರು, ಹುಡುಕಬೇಕು."

ಹುಡುಕಿದಳು. ಮೊದಲು ಕೂತುಕೊಂಡು, ಆಮೇಲೆ ಕೊಪ್ಪರಿಗೆಯೊಳಗೆ ತಲೆ ಹಾಕಿ. ಚಮಚ ತಾಮ್ರವನ್ನು ಕೆರೆಯುವ ಸದ್ದು ಬಿಟ್ಟರೆ ಇಡೀ ಈಜುಕೊಳದಲ್ಲಿ ಏನೂ ಕೇಳುತ್ತಿರಲಿಲ್ಲ. ಇಪ್ಪತ್ತಾರು ಗಂಡಸರು ಮೊಣಕೈ ಊರಿ ಎದ್ದು ನೋಡುತ್ತಿದ್ದರು. ಪಾದ್ರಿಗಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು, ಮಾತಾಡಬೇಡ ಎಂದು ತುಟಿಯ ಮೇಲೆ ಬೆರಳಿಟ್ಟರು. ನನ್ನ ಜೀವಮಾನದಲ್ಲಿ ಬೈಯುವುದನ್ನು ಅಷ್ಟು ಹೊತ್ತು ತಡೆದುಕೊಂಡದ್ದು ಅದೊಂದೇ ಸಲ.

"ಹಾ! ಸಿಕ್ತು," ಎಂದು ಮರ್ಗಾರೋ ಕೊನೆಯ ಚಮಚವನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದಳು. ಅದರಲ್ಲಿ ನಿಜಕ್ಕೂ ಕಡಲೆಕಾಳಿನಷ್ಟು ಒಂದು ಗಂಟಿತ್ತು. ಬಾಯಿಗೆ ಹಾಕಿಕೊಂಡು ಜಗಿದಳು, ನುಂಗಿದಳು, ಕೋಟಿನ ತೋಳಿನಿಂದ ಬಾಯಿ ಒರೆಸಿಕೊಂಡಳು. ಹುಟ್ಟಿದಂದಿನಿಂದ ನಾಲಿಗೆಗೆ ಅಂಟಿದ ಮಾತು, ತಡೆಯುವುದರೊಳಗೆ ಹೊರಬಂದಿತು:

"ನಿನ್ನ ಕೈಗೆ ಆರೋಗ್ಯ, ಅನೆಜಿನಾ. ಮುಂದಿನ ವರ್ಷವೂ."

ಸೂರ್ಯನ ಒಂದು ಎಳೆ ಇನ್ನೂ ನೀರಿನ ಮೇಲಿತ್ತು. ಮರ್ಗಾರೋ ಕೊಪ್ಪರಿಗೆಯ ಒಳಗೆ ನೋಡಿದಳು. ತಳ ಹೊಳೆಯುತ್ತಿತ್ತು.

"ಅಯ್ಯೋ, ನನ್ನ ಹೊಟ್ಟೆ ಹಾಳಾಗ," ಎಂದಳು.

ರಕ್ಷಣಾ ದಳದವರು ಮನೆ ಬಿದ್ದಂತೆ ಬೊಬ್ಬೆ ಹಾಕಿದರು. ನಾಯಿ ಬೊಗಳಿತು. ನಾನು ನಗುತ್ತೇನೆ ಅಂದುಕೊಂಡಿದ್ದೆ, ಅವಳ ಎದುರು ಕೀಲಿ ಕುಣಿಸುತ್ತೇನೆ ಅಂದುಕೊಂಡಿದ್ದೆ. ಅಳು ಬಂತು. ಕೀಲಿಗಾಗಿ ಅಲ್ಲ. ಇಡೀ ದಿನ ಒಬ್ಬರ ಬಾಯಿಂದಲೂ ಬರದ ಮಾತನ್ನು, ನಮಗೆಲ್ಲ ಇನ್ನೊಂದು ವರ್ಷವಿದೆ ಎಂಬ ಮಾತನ್ನು, ಅಂದದ್ದು ಇವಳು.

ನಾನು ಅವಳ ಪಕ್ಕದಲ್ಲಿ ಹೆಂಚಿನ ಮೇಲೆ ಕೂತೆ.

"ಒಂದು ಗಂಟಿತ್ತು," ಎಂದೆ.

"ನೋಡಿದ್ಯಲ್ಲ."

"ಆವತ್ತೂ ಇತ್ತು. ಹತ್ತೊಂಬತ್ತು ವರ್ಷದ ಹಿಂದೆ. ಹುಟ್ಟು ಬಿಟ್ಟು ಪಕ್ಕದವಳ ಹತ್ರ ಹರಟೆ ಹೊಡೀತಾ ನಿಂತಿದ್ದೆ."

ಮರ್ಗಾರೋ ಹೆಂಚಿನ ಮೇಲೆ ಬೆರಳೆಳೆದು ನೋಡಿದಳು. ಆಮೇಲೆ, "ಈ ಎಣ್ಣೆಯೆಲ್ಲ ಯಾರು ತೊಳೀತಾರೆ?" ಎಂದಳು.

"ನಾಳೆ ಇಬ್ಬರೂ ತೊಳೆಯೋಣ. ಎಬ್ಬಿಸ್ಲಾ?"

ಅವಳು ಕೈ ಚಾಚಿದಳು, ಫಾವಾ ಮೆತ್ತಿದ ಕೈ. ಎಳೆದೆ. ಅಷ್ಟರಲ್ಲಿ ಪಾದ್ರಿಗಳು ಬಂದು, ಕೆಮ್ಮದೆ, ಸಮುದ್ರದ ಕಡೆ ನೋಡದೆ "ಮುಂದಿನ ವರ್ಷವೂ" ಎಂದರು. ಆಮೇಲೆ ನಾಯಕ ಅರಿಸ್ತಿದಿಸ್, ಆಮೇಲೆ ಸಾಲಾಗಿ ಅವನ ಇಪ್ಪತ್ತೈದು ಜನ, ಒಬ್ಬೊಬ್ಬರೂ ಹೊಟ್ಟೆ ಹಿಡಿದುಕೊಂಡು. ಮಧ್ಯದಲ್ಲಿ ನೆಲ ಮತ್ತೊಮ್ಮೆ ನಡುಗಿತು. "ಮೂರೂ ಇಲ್ಲ ಬಿಡಿ," ಎಂದರು ನಮ್ಮನೆಯವರು, ಮತ್ತು ಸಾಲು ಮುಂದುವರಿಯಿತು.